ರುಚಿ ನೋಡುವ ಚಮಚ

ಇಸ್ತ್ರಿಗೆ ಕೊಟ್ಟ ಅಂಗಿಗಳ ಜೊತೆ ಮೊನ್ನೆ ಒಂದು ಚಮಚ ವಾಪಸು ಬಂತು. ಮುರ್ಡೇಶ್ವರ ಪೇಟೆಯ ಇಸ್ತ್ರಿಯವನು ಅದನ್ನು ಕಾಗದದಲ್ಲಿ ಸುತ್ತಿ ಬಟ್ಟೆಗಂಟಿನ ಮೇಲಿಟ್ಟಿದ್ದ. "ನಿಮ್ಮ ಜೇಬಲ್ಲಿ ಇತ್ತು ಭಟ್ರೆ. ಔಷಧಿ ಕುಡೂಕೆ ಇಟ್ಕಂಡದ್ದಾ?" ಎಂದು ಕೇಳಿದ. ಹೌದು ಎಂದೆ. ಅಲ್ಲವೆಂದರೆ ಮತ್ತೆ ಏನೆಂದು ವಿವರಿಸುತ್ತ ಕೂರುವುದು? ಸುಳ್ಳು ಹೇಳುವುದು ನನಗೆ ಎಷ್ಟು ಸಲೀಸು ಎಂಬುದು ಈ ಕತೆ ಮುಗಿಯುವುದರೊಳಗೆ ನಿಮಗೇ ಗೊತ್ತಾಗುತ್ತದೆ, ಬಿಡಿ.

ಮೂವತ್ತೈದು ವರ್ಷ ಅದು ನನ್ನ ಜೇಬಿನಲ್ಲಿತ್ತು. ಮುಂಬೈಯ ಹೊಟೇಲೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ರುಚಿ ನೋಡದೆ ಸೂಪು ಕಳಿಸಿದ್ದೆ. ನಮ್ಮ ದೊಡ್ಡ ಶೆಫ್ ಗೋವಾದ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಇಡೀ ಪಾತ್ರೆಯನ್ನು ಸಿಂಕಿಗೆ ಸುರಿದು, ತನ್ನ ಜೇಬಿನಲ್ಲಿದ್ದ ಈ ಚಮಚ ತೆಗೆದು ನನ್ನ ಜೇಬಿಗೆ ತುರುಕಿದ. "ನಾಲಿಗೆ ಊರಲ್ಲೇ ಬಿಟ್ಟು ಬಂದಿದ್ದೀಯಾ? ರುಚಿ ನೋಡದೆ ಬಡಿಸುವವನು ಅಡುಗೆಯವನೇ ಅಲ್ಲ" ಎಂದು ಕೂಗಾಡಿದ. ಅವತ್ತಿನಿಂದ ಸೌಟಿನಿಂದ ಚಮಚಕ್ಕೆ ಎರಡು ಹನಿ, ಚಮಚದಿಂದ ಬಾಯಿಗೆ. ಮುಂಬೈಯಲ್ಲೂ ಅಷ್ಟೆ, ಮಸ್ಕತ್ತಿನಲ್ಲೂ ಅಷ್ಟೆ. ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಆ ಶೆಫ್‌ಗೆ ನಮ್ಮಮ್ಮನ ಸಂಗತಿ ಹೇಳಿದ್ದರೆ ನಂಬುತ್ತಿರಲಿಲ್ಲ. ಕಾಯ್ಕಿಣಿಯ ಆಚೆಗಿರುವ ನಮ್ಮೂರಿನ ತೋಟದಕೇರಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಗೊಜ್ಜು, ಸಾರಿಗೆ ಅಮ್ಮನೇ ಆಗಬೇಕಿತ್ತು. ಅವಳು ಜೀವಮಾನದಲ್ಲಿ ಒಮ್ಮೆಯೂ ಉಪ್ಪು ನೋಡಿದವಳಲ್ಲ. ಉಣ್ಣುವವರ ಎಲೆಗೆ ಬೀಳುವ ಮೊದಲು ಅಡುಗೆಯವರ ನಾಲಿಗೆಗೆ ಬಿದ್ದರೆ ಅದು ಎಂಜಲು. ಆದ್ದರಿಂದ ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಹಬೆಯನ್ನು ಮೂಗಿಗೆಳೆದುಕೊಂಡು, "ಇನ್ನೊಂದು ಚಿಟಿಕೆ ಹಾಕು" ಅನ್ನುತ್ತಿದ್ದಳು. ಉಪ್ಪಿಗೆ ವಾಸನೆ ಎಲ್ಲಿಂದ ಬರಬೇಕು! ಆದರೂ ಅವಳ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ. ನನಗೆ ಆ ಮೂಗು ಬರಲಿಲ್ಲ. ನಾಲಿಗೆ ಮಾತ್ರ ಬಂತು, ಅದೂ ಕೆಲಸಕ್ಕೆ ಬಾರದ ಹೊತ್ತಿನಲ್ಲಿ ಆಡುವ ನಾಲಿಗೆ.

ಅದು ಮೊದಲು ಕೆಟ್ಟದ್ದು ನನಗೆ ಏಳು ವರ್ಷವಾದಾಗ. ಅಜ್ಜನ ತಿಥಿ. ತಿಥಿಯ ದಿನ ಭಟ್ಟರ ಊಟ ಮುಗಿಯುವ ತನಕ ಮಕ್ಕಳಿಗೂ ಒಂದು ಅಗುಳು ಸಿಗುವುದಿಲ್ಲ. ಮಂತ್ರ ಮುಗಿಯುವ ಲಕ್ಷಣವಿರಲಿಲ್ಲ, ಒಳಗಿನಿಂದ ವಡೆಯ ವಾಸನೆ ಬೇರೆ. ನಾನು ತಡೆಯಲಾರದೆ ತೋಟ ಇಳಿದು ಗದ್ದೆಯ ಕಡೆ ಹೋದೆ. ಅಲ್ಲಿ ಹೊನ್ನಿಯ ಮನೆ. ಹೊನ್ನಿ ಗದ್ದೆಕೇರಿಯವಳು. ನಮ್ಮನೆಗೆ ಬಂದು ಭತ್ತ ಕುಟ್ಟುತ್ತಿದ್ದಳು, ಕೊಟ್ಟಿಗೆ ಬಳಿಯುತ್ತಿದ್ದಳು, ಹಾಡು ಹೇಳುತ್ತ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಳು. ಆಗ ಅವಳಿಗೆ ಇಪ್ಪತ್ತು ವರ್ಷವಿರಬಹುದು. ನಾನು ಅವಳನ್ನು ಹೊನ್ನಿ ಎಂದೇ ಕರೆಯುತ್ತಿದ್ದೆ. ಅವಳು ಮೂಗು ಸುರಿಸುವ ನನ್ನನ್ನು "ಒಡ್ಯಾ" ಎನ್ನುತ್ತಿದ್ದಳು. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ನನಗೆ ಬಹಳ ವರ್ಷ ಹೊಳೆಯಲೇ ಇಲ್ಲ.

ಅವಳು ಗಂಜಿ ಉಣ್ಣುತ್ತ ಕೂತಿದ್ದಳು. ನನ್ನ ಮುಖ ನೋಡಿದವಳೇ ಒಂದು ಬಟ್ಟಲಲ್ಲಿ ಗಂಜಿ ಹಾಕಿದಳು. ಕುಮಟೆಯ ಕಡೆಯ ಸಿಹಿ ಈರುಳ್ಳಿಯನ್ನು ನೆಲದ ಮೇಲಿಟ್ಟು ಮುಷ್ಟಿಯಲ್ಲಿ ಒಂದು ಗುದ್ದು ಗುದ್ದಿದಳು. ಅದು ಎಸಳೆಸಳಾಗಿ ಬಿಚ್ಚಿಕೊಂಡಿತು. ಗಂಜಿ, ಉಪ್ಪು, ಈರುಳ್ಳಿ. ಅಷ್ಟೇ. ನಾನು ಎರಡು ಬಟ್ಟಲು ಉಂಡೆ. ಹೊರಡುವಾಗ ಅವಳು ನನ್ನ ಬಾಯಿ ಒರೆಸಿ, "ಮನೇಲಿ ಹೇಳ್ಬ್ಯಾಡ, ಹಾಂ?" ಎಂದಳು. ನಾನು ದೊಡ್ಡದಾಗಿ ತಲೆಯಾಡಿಸಿದೆ.

ಮನೆಗೆ ಬಂದರೆ ಅಮ್ಮನ ಆ ಮೂಗು! ತಿಥಿಯ ದಿನ ಈರುಳ್ಳಿಯ ವಾಸನೆ! "ಎಲ್ಲಿ ತಿಂದೆ?" ಎಂದು ಒಂದೇ ಸಲ ಕೇಳಿದಳು. ಹೊಡೆಯಲಿಲ್ಲ, ಗದರಲಿಲ್ಲ. ನಾನಾಗಿ ಎಲ್ಲವನ್ನೂ ಒದರಿದೆ. ಒದರಿದ್ದಷ್ಟೇ ಅಲ್ಲ, ಎಲ್ಲಿ ಏಟು ಬೀಳುತ್ತದೋ ಎಂದು ಹೆದರಿ, "ನಾನು ಬೇಡ ಅಂದ್ರೂ ಹೊನ್ನಿ ತಿನ್ಸ್ತು" ಎಂದು ಒಂದು ಮಾತು ಸೇರಿಸಿದೆ. ಬಾವಿಕಟ್ಟೆಯಲ್ಲಿ ನನಗೆ ತಣ್ಣೀರು ಸುರಿದರು, ಪಂಚಗವ್ಯ ಕುಡಿಸಿದರು, ಅಲ್ಲಿಗೆ ನನ್ನ ಪಾಡು ಮುಗಿಯಿತು. ಹೊನ್ನಿ ಮಾತ್ರ ಮರುದಿನದಿಂದ ನಮ್ಮ ಅಂಗಳಕ್ಕೆ ಬರಲಿಲ್ಲ. ಬರಬೇಡವೆಂದು ಹೇಳಿ ಕಳಿಸಿದ್ದರು. ಆಮೇಲೆ ತೋಟದಕೇರಿಯ ಬೇರೆ ಮನೆಗಳವರೂ ಅವಳನ್ನು ಕರೆಯುವುದು ಬಿಟ್ಟರು ಎಂದು ದೊಡ್ಡವನಾದ ಮೇಲೆ ಗೊತ್ತಾಯಿತು.

ನೋಡಿ, ಇದೇ ನಾನು ಮುಂದೆ ಹೊಟೇಲಿನಲ್ಲಿ ಹೆಸರು ಮಾಡಿದ್ದು ಯಾವುದರಲ್ಲಿ ಗೊತ್ತೇ? ಗಂಜಿಯಲ್ಲಿ! ಪಿಂಗಾಣಿ ಬಟ್ಟಲು, ಪಕ್ಕದಲ್ಲಿ ಜಜ್ಜಿದ ಸಿಹಿ ಈರುಳ್ಳಿ. ದೂರದೇಶದವರು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಇದು ಯಾರ ಅಡುಗೆ ಎಂದು ಅವರು ಕೇಳಿದರೆ "ನಮ್ಮಮ್ಮನದು" ಎಂದು ಹೇಳುತ್ತಿದ್ದೆ. ಅಮ್ಮ ಈರುಳ್ಳಿ ಮುಟ್ಟಿದವಳೂ ಅಲ್ಲ.

ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಬಂದೆ. ಅಣ್ಣ, ಅತ್ತಿಗೆ ಇರುವ ಮನೆಯಲ್ಲೇ ಇದ್ದೇನೆ. ಹೆಂಡತಿ ಮುಂಬೈಯಲ್ಲಿ ಟೀಚರು, ಇನ್ನೂ ಸರ್ವಿಸು ಇದೆ. ಹೊಟೇಲಿನವರು ಬೀಳ್ಕೊಡುವಾಗ ನಾನು ಮೈಕು ಹಿಡಿದು, ಅನ್ನ ಎಂಥವರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ, ನಾನು ಇನ್ನು ಊರಿನಲ್ಲಿ ಅದನ್ನೇ ಮಾಡುತ್ತೇನೆ ಎಂದು ಭಾಷಣ ಬಿಗಿದಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮೈಕಿನ ಮುಂದೆ ಹೇಳಿದ್ದನ್ನು ಅಲ್ಲಿಗೇ ಮರೆಯುವ ಜಾಣತನ ನನಗೆ ಯಾಕೆ ಬರಲಿಲ್ಲವೋ.

ನಮ್ಮೂರಿನಲ್ಲಿ ಮೊದಲು ವರ್ಷಕ್ಕೊಮ್ಮೆ ಅಮ್ಮನವರ ಗುಡಿಯಲ್ಲಿ ಸಂತರ್ಪಣೆ ಇತ್ತು. ತೋಟದಕೇರಿಯವರಿಗೆ ಒಳಗೆ, ಮೊದಲ ಪಂಕ್ತಿ. ಗದ್ದೆಕೇರಿಯವರಿಗೆ ಹೊರಗೆ, ಎರಡನೆಯದು. ಬಹಳ ವರ್ಷದ ಹಿಂದೆ ಗದ್ದೆಕೇರಿಯ ಹುಡುಗರು ಇದು ಯಾಕೆ ಹೀಗೆ ಎಂದು ಕೇಳಿದರು. ಜಗಳವೇನೂ ಆಗಲಿಲ್ಲ. ಉತ್ತರ ಕೊಡುವ ಬದಲು ತೋಟದಕೇರಿಯವರು ಊಟವನ್ನೇ ನಿಲ್ಲಿಸಿದರು, ಅಷ್ಟೆ. ನಾನು ಶಾಲೆಯ ಬಯಲಿನಲ್ಲಿ ಇಡೀ ಊರಿಗೆ ಒಂದು ಊಟ ಹಾಕುತ್ತೇನೆ, ಒಂದೇ ಪಾತ್ರೆ, ಒಂದೇ ಪಂಕ್ತಿ ಎಂದು ಹೊರಟೆ. ಊರು ಒಂದಾಗಲಿ ಎಂದು ಎಲ್ಲರಿಗೂ ಹೇಳಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಬೇಕಾಗಿದ್ದು ಇಷ್ಟೇ. ಹೊನ್ನಿ ನನ್ನ ಪಕ್ಕದ ಎಲೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು. ಐವತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಅವತ್ತು ಇಳಿಯುತ್ತದೆ ಎಂದುಕೊಂಡಿದ್ದೆ.

ತೋಟದಕೇರಿಯ ಹಿರಿಯರು ಅಪ್ಪಚ್ಚಿ, ಅಂದರೆ ನನ್ನ ಚಿಕ್ಕಪ್ಪ. ಎಂಬತ್ತು ದಾಟಿದರೂ ಮಾತು ನೆಟ್ಟಗಿದೆ. ಹೇಳಿದ್ದನ್ನೆಲ್ಲ ಕೇಳಿ ಅವರು, "ಅಡುಗೆ ಯಾರು ಮಾಡ್ತ?" ಎಂದರು. "ಯಾನೇ ಮಾಡ್ತಿ" ಎಂದೆ. "ನೀನೇ ಮಾಡ್ತೆ ಹೇಳಾದ್ರೆ ಅಡ್ಡಿಲ್ಲೆ" ಎಂದರು. ನಾನು ಕುಣಿದಾಡುತ್ತ ಮನೆಗೆ ಬಂದೆ. ಅವರು ಒಪ್ಪಿದ್ದು ನನ್ನ ಭುಜದ ಮೇಲಿನ ದಾರಕ್ಕೆ ಎಂಬುದು ಆ ಕ್ಷಣವೇ ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ನಡೆದುಕೊಂಡೆ.

ಆಮೇಲೆ ಹೊನ್ನಿಯ ಮನೆಗೆ ಹೋದೆ. ಎಪ್ಪತ್ತು ದಾಟಿದ ಮುದುಕಿ, ಬೆನ್ನು ಬಾಗಿದೆ. ಹೊನ್ನಿ ಎಂಬುದು ನಾಲಿಗೆಯ ತುದಿಗೆ ಬಂದಿದ್ದನ್ನು ತಡೆದು "ಹೊನ್ನಕ್ಕಾ" ಎಂದು ಕರೆದೆ. ಬೇರೆ ಯಾರನ್ನೋ ಕರೆಯುತ್ತಿದ್ದೇನೆಂದು ಅವಳು ಹಿಂದೆ ತಿರುಗಿ ನೋಡಿದಳು! ಊಟದ ವಿಷಯ ಹೇಳಿದೆ. "ಆಸ್ರಿಗೆ ಎಂತಾ ಕೊಡ್ಲಿ ಒಡ್ಯಾ? ಬೆಲ್ಲ ನೀರು ಇತ್ತು" ಎಂದಳು. "ಬೇಡ ಹೊನ್ನಕ್ಕ, ಈಗಷ್ಟೇ ಕುಡ್ದು ಬಂದೆ" ಎಂದೆ. ಬಿಸಿಲಲ್ಲಿ ಗಂಟಲು ಒಣಗಿ ಹೋಗಿತ್ತು. ಆದರೆ ಅಲ್ಲಿ ನೀರು ಕುಡಿದದ್ದು ಅಪ್ಪಚ್ಚಿಯ ಕಿವಿಗೆ ಬಿದ್ದರೆ ಊಟವೇ ಕೆಡುತ್ತದಲ್ಲ, ಇಷ್ಟು ದೊಡ್ಡ ಕೆಲಸಕ್ಕೆ ಒಂದು ಲೋಟ ನೀರು ಬಿಟ್ಟರೇನಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಊಟದ ದಿನದೊಳಗೆ ಮೂರು ಸಲ ಹೋದೆ, ಮೂರು ಸಲವೂ ಅವಳು ಕೇಳಿದಳು, ಮೂರು ಸಲವೂ ಈಗಷ್ಟೇ ಕುಡಿದು ಬಂದಿದ್ದೆ.

ಪಾತ್ರೆಗಳನ್ನು ಭಟ್ಕಳದಿಂದ ತಂದೆ. ಬಾಡಿಗೆಗೆ ಕೊಡುವ ಸಾಯ್ಬರು ಕೊಪ್ಪರಿಗೆಗಳನ್ನು ಬೆರಳಲ್ಲಿ ಬಡಿದು ತೋರಿಸಿ, "ನಿನ್ನೆ ಇದ್ರಲ್ಲಿ ಬಿರ್ಯಾನಿ ಆಗಿತ್ತು ಭಟ್ರೆ, ಮುಚ್ಚಿಡೂದಿಲ್ಲ. ತೊಳ್ದು ಕೊಡ್ತೇನೆ. ನೀವೂ ತೊಳ್ದು ಕೊಡಿ, ಆತಲ್ಲ" ಎಂದರು. ಅವರಷ್ಟು ನೇರ ಮನುಷ್ಯರನ್ನು ನಾನು ಆ ತಿಂಗಳಲ್ಲಿ ಬೇರೆ ಕಾಣಲಿಲ್ಲ. ಪಾತ್ರೆ ಎಲ್ಲಿಯದು ಎಂದು ಅಪ್ಪಚ್ಚಿ ಕೇಳಿದಾಗ ಹೊನ್ನಾವರದ್ದು ಎಂದೆ. ಕುಮಟೆಗೆ ಹೋದವನು ಹೆದ್ದಾರಿಯ ಬದಿಯಲ್ಲಿ ನೇತುಹಾಕಿದ್ದ ಸಿಹಿ ಈರುಳ್ಳಿಯ ನಾಲ್ಕು ಗೊಂಚಲು ತಂದು ಅಡುಗೆಯ ಚಪ್ಪರಕ್ಕೆ ಕಟ್ಟಿದ್ದೆ. ಎಲೆಯ ತುದಿಗೆ ಎರಡೆರಡು ಎಸಳು ಬಡಿಸುವ ಆಸೆ. ಅಪ್ಪಚ್ಚಿ ಅದನ್ನು ಕೋಲಿನಿಂದ ತೋರಿಸಿದರು, ಅಷ್ಟೆ. ನಾನೇ ಏಣಿ ಹತ್ತಿ ಬಿಚ್ಚಿದೆ. ಕೆಳಗೆ ಬಾಳೆಲೆ ಒರೆಸುತ್ತ ಕೂತಿದ್ದ ಗದ್ದೆಕೇರಿಯ ಹೆಂಗಸರ ನಡುವೆ ಹೊನ್ನಕ್ಕ ಇದ್ದಳು, ತಲೆಯೆತ್ತಿ ನೋಡಿದಳು.

ಆದರೂ ಜನ ಬಂದರು ಮಾರಾಯರೆ! ಬಯಲು ತುಂಬಿತು. ಒಂದೇ ಪಂಕ್ತಿ, ಆಕಡೆ ತೋಟದಕೇರಿ, ಈಕಡೆ ಗದ್ದೆಕೇರಿ. ನಡುವೆ ಸ್ವಲ್ಪ ಜಾಗ ಬಿಟ್ಟು ಕೂತರು. ಆ ಜಾಗದಲ್ಲಿ ನೀರಿನ ಕೊಡ ಇಟ್ಟು ನಾನು ಅದನ್ನು ಕಾಣದ ಹಾಗೆ ಮಾಡಿದೆ. ಕೊಡದ ಈಚೆಯ ಮೊದಲ ಎಲೆ ಹೊನ್ನಕ್ಕನದು, ಅದರ ಪಕ್ಕದ್ದು ಖಾಲಿ, ನನ್ನದು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿತ್ತು. ಅನ್ನ ಬಿತ್ತು. ಹುಳಿ ಬಕೆಟ್ಟಿಗೆ ಇಳಿಸುವಾಗ ಕೊನೆಗೆ ಹಾಕಿದ ತೆಂಗಿನಕಾಯಿಗೆ ಉಪ್ಪು ಸಾಕಾಯಿತೋ ಇಲ್ಲವೋ ಎಂದು ಅನುಮಾನವಾಯಿತು. ಎಲ್ಲರ ಕಣ್ಣೆದುರಿಗೆ ನನ್ನ ಕೈ ಜೇಬಿಗೆ ಹೋಯಿತು.

"ತಮಾ, ಈಗ ಎಂತ ಬಾಯಿಗೆ ಹಾಕ್ಯಂಡೆ?" ಅಪ್ಪಚ್ಚಿಯ ದನಿ.

"ಉಪ್ಪು ನೋಡ್ದಿ ಅಪ್ಪಚ್ಚಿ."

"ನಿನ್ನ ಅಮ್ಮ ಇಡೀ ಕೇರಿಗೆ ಅಡುಗೆ ಮಾಡಿದ್ದು. ಒಂದು ದಿನ ಉಪ್ಪು ನೋಡಿದ್ದಿಲ್ಲೆ."

"ಚಮಚ ಪಾತ್ರೆಗೆ ತಾಗಿದ್ದಿಲ್ಲೆ ಅಪ್ಪಚ್ಚಿ, ಸೌಟಿಂದ ಮೇಲಿಂದ ಹೊಯ್ಕಂಡಿದ್ದು..."

"ತಾಗಿದ್ದೋ ಬಿಟ್ಟಿದ್ದೋ ಯಂಗೆ ಗೊತ್ತಿಲ್ಲೆ. ಎಂಜಲು ಹೇಳಿ ಆದ್ಮೇಲೆ ಉಂಬಲೆ ಆಗ್ತಿಲ್ಲೆ" ಎಂದು ಕೋಲೂರಿ ಎದ್ದರು. ಸಿಟ್ಟಿನಿಂದಲ್ಲ. ಬಿಸಿಲಿನಲ್ಲಿ ನಿಂತವರಿಗೆ ಬಸ್ಸು ಬಂದಾಗ ಆಗುತ್ತದಲ್ಲ, ಅಂಥ ಒಂದು ಸಮಾಧಾನ ಅವರ ಮುಖದಲ್ಲಿತ್ತು. ನೆಪಕ್ಕೆ ಚಮಚ ಇಲ್ಲದಿದ್ದರೆ ಕೊಪ್ಪರಿಗೆ ಸಿಗುತ್ತಿತ್ತು, ಕೊಪ್ಪರಿಗೆ ಇಲ್ಲದಿದ್ದರೆ ಇನ್ನೇನೋ. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಅಣ್ಣ ಒಮ್ಮೆ ನನ್ನ ಮುಖ ನೋಡಿದ, ಎಲೆ ಮಡಚಿದ, ಎದ್ದ.

ನಾನು ಹೊನ್ನಕ್ಕನ ಎದುರು ಹೋಗಿ ನಿಂತೆ. "ನೀವು ಉಣ್ಣಿ ಹೊನ್ನಕ್ಕ. ಅವ್ರು ಹೋದ್ರೆ ಹೋಗ್ಲಿ, ನಾನು ನಿಮ್ಮ ಸಂಗ್ತಿಗೆ ಕೂರ್ತೇನೆ" ಎಂದೆ. ಎಷ್ಟು ದೊಡ್ಡ ಮನಸ್ಸು ನನ್ನದು, ನೋಡಿ! ಅವಳು ಎಲೆಯನ್ನೇ ನೋಡುತ್ತ ಹೇಳಿದಳು: "ಎಂಜ್ಲು ನಮ್ಗೆ ಹೊಸ್ತಲ್ಲ ಒಡ್ಯಾ. ನಿಮ್ಮನೆ ಜಗ್ಲಿ ಕೆಳ್ಗೆ ಕೂತು ಸುಮಾರು ಉಂಡಾತು. ಆದ್ರೆ ಸಮ ಕೂರ್ಸ್ತೆ ಅಂತ ಕರ್ದು, ಅವ್ರು ಬಿಟ್ಟೆದ್ದದ್ದು ಉಣ್ಣಿ ಅಂದ್ರೆ ಹ್ಯಾಂಗೆ?" ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಎದ್ದಳು. ಗದ್ದೆಕೇರಿಯವರೆಲ್ಲ ಎದ್ದರು. ನಮ್ಮೂರಿನ ಎರಡು ಕೇರಿಗಳು ಒಂದೇ ದಿನ ಒಂದೇ ಕೆಲಸವನ್ನು ಮಾಡಿದ್ದು ಅದೇ ಮೊದಲು.

ಸಂಜೆ ಅನ್ನವನ್ನೆಲ್ಲ ಶಾಲೆಯ ಹಿಂದಿನ ತೊಟ್ಟಿಗೆ ಸುರಿದೆ. ಎರಡೂ ಕೇರಿಯ ದನಗಳು ಬಂದು ಒಂದಕ್ಕೊಂದು ಮೈ ಒತ್ತಿಕೊಂಡು ತಿಂದವು. ನನ್ನ ಅಡುಗೆ ಯಾರನ್ನೂ ಒಂದುಮಾಡಲಿಲ್ಲ ಎಂದು ಯಾರಾದರೂ ಹೇಳಿದರೆ ಈ ಸಾಕ್ಷಿ ಕೊಡಬಹುದು. ಹುಳಿಗೆ ಉಪ್ಪು ಸರಿಯಾಗಿತ್ತು, ಅದೊಂದು ನನಗೆ ಗೊತ್ತು.

ಎಂಟು ದಿನ ಮನೆಯಿಂದ ಹೊರಗೆ ಬೀಳಲಿಲ್ಲ. ಒಂಬತ್ತನೆಯ ದಿನ ಹೊನ್ನಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹುಣಸೆಹಣ್ಣು ಒಣಗಿಸುತ್ತಿದ್ದಳು. ತಪ್ಪಾಯಿತು ಎಂದೆ. ಐವತ್ತು ವರ್ಷದ ಹಿಂದಿನದನ್ನೂ ಹೇಳಿದೆ. ನಾನು ಬೇಡವೆಂದರೂ ನೀನು ತಿನ್ನಿಸಿದೆ ಎಂದು ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು. ನಿಮ್ಮಮ್ಮನೇ ಅಂದಿದ್ರು" ಎಂದಳು. ಹುಣಸೆಹಣ್ಣು ತಿರುವಿ ಹಾಕುತ್ತ, "ಏಳು ವರ್ಷದ ಹುಡ್ಗ, ಹೆದ್ರಿ ಹೇಳ್ದ. ಅದ್ಕೆಂತಾ ಸಿಟ್ಟು ಮಾಡೂದು?" ಎಂದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಒಡೆಯ ಗಿಡೆಯ ಎಲ್ಲ ಬಿಟ್ಟು ನನ್ನ ಮುಖ ನೋಡಿದಳು. "ಊರಿಗೆಲ್ಲಾ ಉಣ್ಸೂಕೆ ಬಂದ್ಯಲ್ಲ ನೀನು. ಒಂದಿನ ಉಂಬೂಕೆ ಬಂದ್ಯಾ? ಮೂರು ಸಲ ನೀರು ಕೊಡ್ತೆ ಅಂದೆ. ಮೂರು ಸಲವೂ ನೀನು ಬ್ಯಾಡ ಅಂದೆ. ಗಂಟ್ಲು ಒಣ್ಗಿದ್ದು ನಂಗೆ ಕಾಣೂದಿಲ್ವಾ?"

"ಈಗ ಕೊಡು ಹೊನ್ನಕ್ಕ, ಗಂಜಿ ಇದ್ರೆ ಕೊಡು" ಎಂದೆ.

ಒಳಗೆ ಕರೆದಳು. ಒಲೆಯ ಹತ್ತಿರ ಮಣೆ ಹಾಕಿದಳು. ಗಂಜಿ, ಉಪ್ಪು. ಈರುಳ್ಳಿಯನ್ನು ನೆಲದ ಮೇಲಿಟ್ಟು ಗುದ್ದಿದಳು, ಕೈಯಲ್ಲಿ ಮೊದಲಿನ ಬಲವಿಲ್ಲ, ಎರಡು ಸಲ ಗುದ್ದಬೇಕಾಯಿತು. ಅವಳೂ ಎದುರಿಗೆ ಕೂತು ಉಂಡಳು. ನನ್ನ ಕೈ ಜೇಬಿಗೆ ಹೋಗಲಿಲ್ಲ. ನಾನು ಅತ್ತೆ, ಹೌದು, ಐವತ್ತೆಂಟು ವರ್ಷದ ಗಂಡಸು ಗಂಜಿ ಬಟ್ಟಲು ಹಿಡಿದುಕೊಂಡು ಅತ್ತೆ. ಮೂವತ್ತೈದು ವರ್ಷ ಪಿಂಗಾಣಿ ಬಟ್ಟಲಲ್ಲಿ ಹುಡುಕಿದ ರುಚಿ ಇಲ್ಲಿತ್ತು.

ಹೊರಡುವಾಗ ಅವಳು ಬಾಗಿಲ ತನಕ ಬಂದಳು. "ಈ ಸಲ ಹೇಳು" ಎಂದಳು.

"ಎಂತ ಹೊನ್ನಕ್ಕ?"

"ಮನೇಲಿ ಹೇಳು. ಹೊನ್ನಿ ಮನೇಲಿ ಉಂಡೆ ಅಂತ ಹೇಳು. ಮತ್ತೆಂತಾ ಬ್ಯಾಡ ನಂಗೆ. ಊಟ ಹಾಕೂದೂ ಬ್ಯಾಡ, ಪಂಕ್ತಿಯೂ ಬ್ಯಾಡ. ಅಷ್ಟು ಹೇಳು ಸಾಕು."

"ಹೇಳದೆ? ಎಲ್ಲರೆದುರು ಹೇಳ್ತೇನೆ" ಎಂದೆ. ಗದ್ದೆಯ ಅಂಚಿನ ಮೇಲೆ ಅದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತ ಬಂದೆ. ತೋಟ ಹತ್ತುವಾಗ ದನಿ ಸಣ್ಣದಾಯಿತು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವಾಗ ಬರೀ ತುಟಿ ಅಲುಗುತ್ತಿತ್ತು.

ಅಣ್ಣ ಊಟಕ್ಕೆ ಕೂತಿದ್ದ. "ಎಲ್ಲಿಗೆ ಹೋಗಿದ್ಯೋ?" ಎಂದ. ಕೇಳುವುದರಲ್ಲಿ ಒಂದು ಚೂರೂ ಕಾಠಿಣ್ಯವಿರಲಿಲ್ಲ. ಊಟದ ದಿನದಿಂದ ಅವನು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

"ಅಪ್ಸರಕೊಂಡಕ್ಕೆ" ಎಂದೆ. "ಸುಮ್ನೆ, ಸಮುದ್ರದ ಗಾಳಿಗೆ."

ಅತ್ತಿಗೆ ನನ್ನ ಎಲೆ ಹಾಕುತ್ತ ಬಗ್ಗಿದವರು ಹಾಗೇ ನಿಂತರು. "ಈರುಳ್ಳಿ ವಾಸನೆ ಬತ್ತಾ ಇದ್ದು" ಎಂದರು.

"ಅಲ್ಲಿ ಗಾಡಿಯಲ್ಲಿ ಭೇಲ್ ತಿಂದಿ."

"ಹಂಗಾರೆ ಊಟ?"

"ಇಲ್ಲೆ ಅತ್ತಿಗೆ, ಊಟ ಆಜಿಲ್ಲೆ. ಹಶಿವು" ಎಂದು ಎಲೆಯ ಮುಂದೆ ಕೂತೆ. ಹೊಟ್ಟೆಯಲ್ಲಿ ಎರಡು ಬಟ್ಟಲು ಗಂಜಿ ತುಂಬಿಕೊಂಡಿತ್ತು. ಅದರ ಮೇಲೆ ಅನ್ನ, ತಂಬುಳಿ, ಪಲ್ಯ ಎಲ್ಲವನ್ನೂ ಕಲಸಿ ಒಂದೊಂದೇ ತುತ್ತು ಇಳಿಸಿದೆ. ಎದೆಯ ತನಕ ಬಂದು ನಿಂತಿತು. ಅಣ್ಣ ನನ್ನ ಎಲೆಯ ಕಡೆ ನೋಡಿ ಅತ್ತಿಗೆಗೆ ಹೇಳಿದ:

"ಇನ್ನೊಂಚೂರು ಅನ್ನ ಹಾಕು ಅವಂಗೆ. ಹಶ್ದು ಬೈಂದ."

ನಾನು ಬೇಡ ಅನ್ನಲಿಲ್ಲ.